ಮೂರು ಸಿಗ್ಮಾ ಆಚೆ ಬಿಸಾಡಿದ ಗೆಲಾಕ್ಸಿಗಳು: ಒಂದು ಎಂಎಸ್ಸಿ ಪ್ರಾಜೆಕ್ಟಿನ ಪ್ರಕರಣ ಅಧ್ಯಯನ

ಈ ಪ್ರಕರಣದ ವಿದ್ಯಾರ್ಥಿನಿ ಯಾರು, ವಿಭಾಗ ಯಾವುದು, ಯಾವ ವರ್ಷ ನಡೆದದ್ದು ಎಂಬುದನ್ನು ಹೇಳುವುದಿಲ್ಲ. ನಡುವೆ ಬರುವ ಒಂದು ಗೆಲಾಕ್ಸಿಯ ಕ್ಯಾಟಲಾಗ್ ಸಂಖ್ಯೆಯನ್ನೂ ಬಿಟ್ಟಿದ್ದೇನೆ, ಅದನ್ನು ಕೊಟ್ಟರೆ ಬಲ್ಲವರಿಗೆ ಪ್ರಾಜೆಕ್ಟ್ ಯಾರದೆಂದು ತಿಳಿದುಬಿಡುತ್ತದೆ. ಮರೆಮಾಚದೆ ಹೇಳಬಹುದಾದದ್ದು ಒಂದೇ: ಇಲ್ಲಿನ ದೊಡ್ಡ ತಪ್ಪು ಮಾರ್ಗದರ್ಶಕಿಯದು, ಅಂದರೆ ನನ್ನದು.

ಹಿನ್ನೆಲೆ

ಪ್ರಾಜೆಕ್ಟಿಗೆ ಇದ್ದದ್ದು ಆರು ತಿಂಗಳು ಮತ್ತು ಒಂದು ಲ್ಯಾಪ್‌ಟಾಪ್. ದೂರದರ್ಶಕದ ಸಮಯ ಕೇಳುವ ಮಾತೇ ಇರಲಿಲ್ಲ. ಸಾರ್ವಜನಿಕವಾಗಿ ಸಿಗುವ ಮಾಹಿತಿಯಲ್ಲೇ ಮುಗಿಯುವ ಪ್ರಶ್ನೆ ಬೇಕಿತ್ತು. ಆಕೆ ಆರಿಸಿಕೊಂಡದ್ದು ಹೀಗಿತ್ತು: ದೀರ್ಘವೃತ್ತ ಗೆಲಾಕ್ಸಿಗಳಲ್ಲಿ ಇಂದಿಗೂ ಹೊಸ ನಕ್ಷತ್ರಗಳು ಹುಟ್ಟುತ್ತಿದ್ದರೆ, ಅದು ಸುತ್ತಲಿನ ಪರಿಸರಕ್ಕೆ ತಕ್ಕಂತೆ ಬದಲಾಗುತ್ತದೆಯೇ?

ಪಠ್ಯಪುಸ್ತಕದಲ್ಲಿ ಈ ಗೆಲಾಕ್ಸಿಗಳಿಗೆ ಕೊಟ್ಟಿರುವ ಬಿರುದು 'ಕೆಂಪು ಮತ್ತು ಸತ್ತವು'. ಸುರುಳಿ ತೋಳುಗಳಿಲ್ಲ, ತಣ್ಣನೆಯ ಅನಿಲ ಕಡಿಮೆ, ಮುದಿ ನಕ್ಷತ್ರಗಳ ಕೆಂಪು ಬೆಳಕು. 1980ರಲ್ಲಿ ಖಗೋಳಜ್ಞ ಅಲನ್ ಡ್ರೆಸ್ಲರ್ 55 ಗೆಲಾಕ್ಸಿ ಗುಚ್ಛಗಳನ್ನು ಪರಿಶೀಲಿಸಿ, ಸಂದಣಿ ಹೆಚ್ಚಿದಂತೆಲ್ಲ ದೀರ್ಘವೃತ್ತಗಳ ಪಾಲು ಏರುತ್ತದೆ, ಸುರುಳಿಗಳ ಪಾಲು ಇಳಿಯುತ್ತದೆ ಎಂದು ತೋರಿಸಿದ್ದರು. ಆಮೇಲೆ 2003ರಲ್ಲಿ ಹಾರಿದ ಗ್ಯಾಲೆಕ್ಸ್ ಉಪಗ್ರಹ ಆಕಾಶವನ್ನು ಅತಿನೇರಳೆಯಲ್ಲಿ ನೋಡಿತು. 'ಸತ್ತ' ಗೆಲಾಕ್ಸಿಗಳಲ್ಲಿ ಸುಮಾರು ಶೇ. 30ರಷ್ಟರಲ್ಲಾದರೂ ಕಳೆದ ನೂರು ಕೋಟಿ ವರ್ಷದೊಳಗೆ ಹುಟ್ಟಿದ ನಕ್ಷತ್ರಗಳ ಗುರುತು ಕಂಡಿತು. ಅವುಗಳ ಪಾಲು ಒಟ್ಟು ನಕ್ಷತ್ರರಾಶಿಯಲ್ಲಿ ನೂರಕ್ಕೆ ಒಂದರಿಂದ ಮೂರರಷ್ಟು ಮಾತ್ರ. ಆದರೂ ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ?

ಅಷ್ಟು ಕಡಿಮೆ ಪಾಲು ಕಣ್ಣಿಗೆ ಬೀಳುವುದು ಅತಿನೇರಳೆಯ ದೆಸೆಯಿಂದ. ಎಳೆಯ, ಭಾರೀ ನಕ್ಷತ್ರಗಳು ಬಹಳ ಬಿಸಿ. ಮಾಮೂಲಿ ಬೆಳಕಿನಲ್ಲಿ ಕೋಟ್ಯಂತರ ಮುದಿ ನಕ್ಷತ್ರಗಳ ನಡುವೆ ಅವು ಕಳೆದುಹೋದರೂ ಅತಿನೇರಳೆಯಲ್ಲಿ ಎದ್ದು ಕಾಣುತ್ತವೆ. ಹಾಗಾಗಿ ಗ್ಯಾಲೆಕ್ಸ್‌ನ ಸಮೀಪ ಅತಿನೇರಳೆ ಪ್ರಭೆಯ ಅಂಕಿಯಿಂದ, ಆಕಾಶದ ದೊಡ್ಡ ಭಾಗವನ್ನು ಚಿತ್ರಿಸಿದ ಸ್ಲೋನ್ ಸರ್ವೆಯ ಕೆಂಪು ಪಟ್ಟಿಯ ಪ್ರಭೆಯ ಅಂಕಿಯನ್ನು ಕಳೆದು ಬರುವ 'ಬಣ್ಣ'ವೇ ನಮ್ಮ ಅಳತೆಗೋಲಾಯಿತು. ಖಗೋಳದ ಲೆಕ್ಕದಲ್ಲಿ ಹೊಳಪು ಹೆಚ್ಚಿದಷ್ಟೂ ಪ್ರಭೆಯ ಅಂಕಿ ಚಿಕ್ಕದು. ಸಂಖ್ಯೆ ಸಣ್ಣದಾದಷ್ಟೂ ಗೆಲಾಕ್ಸಿ ನೀಲಿ. 5.5ಕ್ಕಿಂತ ಕಡಿಮೆ ಇದ್ದರೆ ಇತ್ತೀಚೆಗೆ ನಕ್ಷತ್ರ ಹುಟ್ಟಿರುವ ಸಂಭವ ಹೆಚ್ಚು ಎಂಬುದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಗಡಿ.

ಈ ಗಡಿ ಎಲ್ಲಿಂದ ಬಂತು ಎಂದು ತಿಳಿಯಲು ಆಕೆ ಎರಡು ವಾರ ತೆಗೆದುಕೊಂಡಳು. ನನಗೆ ಆಗ ಅಸಹನೆಯಾಗಿತ್ತು, ಈಗ ನೋಡಿದರೆ ಇಡೀ ಪ್ರಾಜೆಕ್ಟಿನಲ್ಲಿ ಚೆನ್ನಾಗಿ ಖರ್ಚಾದ ಎರಡು ವಾರ ಅವೇ. 1968ರ ಡಿಸೆಂಬರ್‌ನಲ್ಲಿ ಹಾರಿದ ಓಎಓ-2 ಉಪಗ್ರಹ ಆಂಡ್ರೊಮಿಡಾದ ನಡುಭಾಗವನ್ನು ನೋಡಿದಾಗ, ಮುದಿ ನಕ್ಷತ್ರಗಳೇ ತುಂಬಿರುವ ಆ ಜಾಗದಿಂದಲೂ ಅತಿನೇರಳೆ ಬೆಳಕು ನಿರೀಕ್ಷೆಗಿಂತ ಹೆಚ್ಚು ಬಂದಿತ್ತು. ಹೊರಕವಚ ಕಳಚಿಕೊಂಡು ಹೀಲಿಯಂ ಉರಿಸುವ ಮುದುಕ ನಕ್ಷತ್ರಗಳು ಕೂಡ ಬಿಸಿಯೇ. ಅಂದರೆ ಅತಿನೇರಳೆ ಕಂಡಲ್ಲೆಲ್ಲ ತೊಟ್ಟಿಲು ಕಟ್ಟುವಂತಿಲ್ಲ. ಇಂಥ ಮುದಿ ಬೆಳಕು ಅತಿ ಹೆಚ್ಚಾಗಿರುವ ಗೆಲಾಕ್ಸಿಗಳ ಬಣ್ಣವನ್ನು ನೋಡಿ, ಅದಕ್ಕಿಂತಲೂ ನೀಲಿಯಾದವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕೆಂದೇ 5.5ರ ಆಸುಪಾಸಿನಲ್ಲಿ ಗಡಿ ಎಳೆದದ್ದು. ಎಳೆಯ ನಕ್ಷತ್ರಗಳ ಸುತ್ತ ಹೊಳೆಯುವ ಹೈಡ್ರೋಜನ್‌ನ ಕೆಂಪು ರೇಖೆಯನ್ನು ಬಳಸೋಣವೇ ಎಂದು ಯೋಚಿಸಿದ್ದೆವು, ಅಲ್ಲೂ ಇದೇ ಪೀಕಲಾಟ. ದೀರ್ಘವೃತ್ತಗಳಲ್ಲಿ ಆ ರೇಖೆಯನ್ನು ಸಾಯುತ್ತಿರುವ ನಕ್ಷತ್ರಗಳೂ ಬೆಳಗಿಸಬಲ್ಲವು. ಮೇಲಾಗಿ ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ರೋಹಿತ ಪಡೆಯಲು ಸ್ಲೋನ್ ಸರ್ವೆ ಬಳಸಿದ ಫೈಬರ್ ಆಕಾಶದಲ್ಲಿ ಮೂರು ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3,600ನೆಯ ಒಂದು ಭಾಗ) ಅಗಲವನ್ನು ಮಾತ್ರ ನೋಡುತ್ತಿತ್ತು. ಗೆಲಾಕ್ಸಿಯ ಹೊರವಲಯದಲ್ಲಿ ನಕ್ಷತ್ರಗಳ ಉಂಗುರವೇ ಹುಟ್ಟುತ್ತಿದ್ದರೂ ಅದರ ಕಣ್ಣಿಗೆ ಬೀಳುತ್ತಿರಲಿಲ್ಲ.

ಮೊದಲ ಗೆರೆ

ಪರಿಸರವನ್ನು ಅಳೆಯಲು ಸುಲಭದ ದಾರಿ ಹಿಡಿದೆವು. ಪ್ರತಿ ಗೆಲಾಕ್ಸಿಗೂ ಐದನೆಯ ಹತ್ತಿರದ ನೆರೆಯವ ಎಷ್ಟು ದೂರದಲ್ಲಿದ್ದಾನೆ ಎಂದು ನೋಡಿ, ಅದರಿಂದ ಸಂದಣಿ ಲೆಕ್ಕ ಹಾಕುವುದು. ಎಲ್ಲ ಗೆಲಾಕ್ಸಿಗಳಿಗೂ ಒಂದೊಂದು ಸಂಖ್ಯೆ. ಆ ಸಂಖ್ಯೆಯ ಪ್ರಕಾರ ಗೆಲಾಕ್ಸಿಗಳನ್ನು ಕಟ್ಟುಕಟ್ಟಾಗಿ ವಿಂಗಡಿಸಿದೆವು. ಸಂದಣಿ ಅಡ್ಡ ಅಕ್ಷದಲ್ಲಿ, ಪ್ರತಿ ಕಟ್ಟಿನ ಬಣ್ಣದ ಸರಾಸರಿ ಲಂಬ ಅಕ್ಷದಲ್ಲಿ.

ಎರಡನೆಯ ತಿಂಗಳ ಕೊನೆಗೆ ಮೊದಲ ಗ್ರಾಫ್ ಬಂತು. ವಿರಳ ಪ್ರದೇಶದಲ್ಲಿ ನೀಲಿ, ಸಂದಣಿ ಏರಿದಂತೆ ಕೆಂಪು. ನಾವು ಅಂದುಕೊಂಡಂತೆಯೇ. ಒಂದೇ ತಕರಾರು, ಅತಿ ದಟ್ಟವಾದ ಕೊನೆಯ ಕಟ್ಟಿನಲ್ಲಿ ಗೆರೆ ಸ್ವಲ್ಪ ನೀಲಿಯ ಕಡೆಗೆ ತಿರುಗಿಬಿಟ್ಟಿತ್ತು.

"ಮೇಡಂ, ಕೊನೆಯಲ್ಲಿ ಬಾಗಿದೆ."

"ಆ ಕಟ್ಟಿನಲ್ಲಿ ಇರುವುದೇ ಬೆರಳೆಣಿಕೆಯಷ್ಟಲ್ವಾ? ಒಂದೆರಡು ಎಡವಟ್ಟು ಬಿಂದು ಸೇರಿಕೊಂಡಿರುತ್ತೆ. ಮೂರು ಸಿಗ್ಮಾ ಹಾಕಿ ಕ್ಲಿಪ್ ಮಾಡಮ್ಮ."

ಆಕೆ ಮಾಡಿದಳು. ಸಿಗ್ಮಾ ಅಂದರೆ ಬಿಂದುಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆ. ಸರಾಸರಿಯಿಂದ ಅದರ ಮೂರು ಪಟ್ಟಿಗಿಂತ ದೂರ ಸಿಡಿದ ಬಿಂದುಗಳನ್ನು ಕೈಬಿಡುವುದು ಅಂಕಿ ಅಂಶ ನೋಡುವವರೆಲ್ಲ ಮಾಡುವ ಕೆಲಸ, ಕೋಡಿನಲ್ಲಿ ಒಂದು ಸಾಲು ಅಷ್ಟೆ. ಗೆರೆ ನೇರವಾಯಿತು. ನಾನು ಸಂತೋಷಪಟ್ಟೆ.

ನಂತರದ ಆರು ವಾರ ಆ ಗೆರೆ ನಿಜವೇ ಎಂದು ಪರೀಕ್ಷಿಸುವುದರಲ್ಲಿ ಹೋಯಿತು. ಮೂರು ಏಟು ಬಿದ್ದವು.

ಮೊದಲನೆಯದು ಮಾದರಿಯ ಶುದ್ಧತೆ. ಮಂಕಾದ ತಟ್ಟೆಯಿರುವ ಸುರುಳಿ ಗೆಲಾಕ್ಸಿ ದೂರದಿಂದ ನೋಡಿದರೆ ದುಂಡಗೆ, ನಯವಾಗಿ ಕಾಣುತ್ತದೆ. ಸ್ವಯಂಚಾಲಿತ ವಿಂಗಡಣೆ ಅಂಥವನ್ನು ದೀರ್ಘವೃತ್ತದ ಪಟ್ಟಿಗೆ ಸೇರಿಸಿಬಿಡುತ್ತದೆ. ಡ್ರೆಸ್ಲರ್ ತೋರಿಸಿದಂತೆ ವಿರಳ ಪ್ರದೇಶಗಳಲ್ಲಿ ಸುರುಳಿಗಳೇ ಹೆಚ್ಚು, ಆದ್ದರಿಂದ ಅಲ್ಲಿ ನುಸುಳುಕೋರರೂ ಹೆಚ್ಚು. ನುಸುಳಿದ ಸುರುಳಿಗಳು ನೀಲಿ. ಅಂದರೆ ದೀರ್ಘವೃತ್ತಗಳಲ್ಲಿ ಏನೂ ಆಗದಿದ್ದರೂ ನಮ್ಮ ಗೆರೆ ತಾನಾಗಿ ಮೂಡಬಹುದಿತ್ತು! ಆಕೆ ಮತ್ತು ಇಬ್ಬರು ಸಹಪಾಠಿಗಳು ಕೂತು, ಯಾವ ಚಿತ್ರ ಎಲ್ಲಿಯದೆಂದು ತಿಳಿಯದ ಹಾಗೆ ಕಲಸಿಟ್ಟು, ನೀಲಿ ಗೆಲಾಕ್ಸಿಗಳ ಚಿತ್ರಗಳನ್ನೆಲ್ಲ ಕಣ್ಣಿನಿಂದಲೇ ಮತ್ತೆ ವಿಂಗಡಿಸಿದರು. ಬೆಣ್ಣೆಯಿಂದ ಕೂದಲು ತೆಗೆಯುವಷ್ಟು ಸುಲಭದ ಕೆಲಸವಲ್ಲ ಅದು. ವಿರಳ ಪ್ರದೇಶದ ನೀಲಿಗಳಲ್ಲಿ ಗಣನೀಯ ಭಾಗ ಹೊರಗೆ ಹೋಯಿತು.

ಎರಡನೆಯದು ತೂಕ. ಸಣ್ಣ ಗೆಲಾಕ್ಸಿಗಳಲ್ಲಿ ನಕ್ಷತ್ರ ಹುಟ್ಟು ಎಲ್ಲಿದ್ದರೂ ಸ್ವಲ್ಪ ಜಾಸ್ತಿ. ಗುಚ್ಛಗಳಲ್ಲಿ ಭಾರೀ ದೀರ್ಘವೃತ್ತಗಳು ಹೆಚ್ಚು. ಗುಚ್ಛದ ಒಂದು ಗೆಲಾಕ್ಸಿಗೆ ಅಷ್ಟೇ ತೂಕದ ಒಂಟಿ ಗೆಲಾಕ್ಸಿಯನ್ನೇ ಜೋಡಿ ಮಾಡಿ ಹೋಲಿಸಿದಾಗ ಗೆರೆಯ ಇಳಿಜಾರು ಇನ್ನಷ್ಟು ತಗ್ಗಿತು. ಆದರೆ ಅಳಿಸಿಹೋಗಲಿಲ್ಲ. ಸಾವಿರಾರು ಸ್ವಯಂಸೇವಕರು ಕಣ್ಣಿನಿಂದ ವಿಂಗಡಿಸಿದ ಗೆಲಾಕ್ಸಿ ಝೂ ಪಟ್ಟಿಯಿಂದ 2009ರಲ್ಲಿ ಬಂದ ಫಲಿತಾಂಶವೂ ಇದೇ ದಿಕ್ಕಿನದು: ನಮಗೆ ಹತ್ತಿರದ ದೀರ್ಘವೃತ್ತ ಬಗೆಯವುಗಳಲ್ಲಿ ನೀಲಿಯಾದವು ಶೇ. 6ರ ಒಳಗೆ, ಮತ್ತು ಅವು ಕೆಂಪಿನವಕ್ಕಿಂತ ವಿರಳ ಪ್ರದೇಶಗಳಲ್ಲಿ ವಾಸಿಸುತ್ತವೆ.

ಮೂರನೆಯದು ಸಂದಣಿಯ ಅಳತೆಯೇ. ಸ್ಲೋನ್ ಸರ್ವೆಯಲ್ಲಿ ಫೈಬರ್‌ಗಳನ್ನು ಸಿಕ್ಕಿಸುವ ಲೋಹದ ತಟ್ಟೆಯಲ್ಲಿ ಎರಡು ಫೈಬರ್‌ಗಳನ್ನು 55 ಆರ್ಕ್‌ಸೆಕೆಂಡಿಗಿಂತ ಹತ್ತಿರ ಇಡಲಾಗುತ್ತಿರಲಿಲ್ಲ. ಎಲ್ಲಿ ಗೆಲಾಕ್ಸಿಗಳು ಒತ್ತೊತ್ತಾಗಿವೆಯೋ ಅಲ್ಲೇ ಕೆಲವಕ್ಕೆ ರೋಹಿತ ಸಿಗದೆ ಹೋಗುತ್ತಿತ್ತು, ಅವು ಲೆಕ್ಕದಿಂದ ಜಾರುತ್ತಿದ್ದವು. ಜೊತೆಗೆ, ವೇಗ ಬಹಳ ಬೇರೆಯಾಗಿದ್ದರೆ ಅದು ನೆರೆಯವನಲ್ಲ, ಅದೇ ದಿಕ್ಕಿನಲ್ಲಿ ಕಾಣುವ ದೂರದವನು ಎಂಬ ಲೆಕ್ಕದಲ್ಲಿ, ನಾವು ನೆರೆಯವರನ್ನು ಹುಡುಕಿದ್ದು ಸೆಕೆಂಡಿಗೆ 500 ಕಿ.ಮೀ. ವೇಗ ವ್ಯತ್ಯಾಸದೊಳಗೆ. ದೊಡ್ಡ ಗುಚ್ಛದಲ್ಲಿ ಸದಸ್ಯರು ಸೆಕೆಂಡಿಗೆ 1,000 ಕಿ.ಮೀ. ಆಸುಪಾಸಿನ ವೇಗದಲ್ಲಿ ಅತ್ತಿತ್ತ ಓಡಾಡುತ್ತಾರೆ. ಅತಿ ದಟ್ಟ ಜಾಗಗಳನ್ನೇ ನಾವು ಕಡಿಮೆ ದಟ್ಟವೆಂದು ಬರೆದುಕೊಂಡಿದ್ದೆವು. ವೇಗದ ಈ ಮಿತಿಯನ್ನು 1,000ಕ್ಕೆ ಹಿಗ್ಗಿಸಿದೆವು.

ಇವೆಲ್ಲ ದಾಟಿ ಗೆರೆ ಉಳಿಯಿತು, ಸಣಕಲಾಗಿ. ವರದಿ ಬರೆಯಲು ಶುರು ಮಾಡು ಎಂದೆ.

ಬಿಸಾಡಿದ ಪಟ್ಟಿ

ತಿರುವು ಬಂದದ್ದು ವಿಭಾಗದೊಳಗಿನ ಪೂರ್ವಾಭ್ಯಾಸದ ದಿನ. ಘನಸ್ಥಿತಿ ಭೌತಶಾಸ್ತ್ರ ಕಲಿಸುವ ಸಹೋದ್ಯೋಗಿಯೊಬ್ಬರು ಕೊನೆಯ ಬೆಂಚಿನಲ್ಲಿ ಕೂತಿದ್ದರು, ಗೆಲಾಕ್ಸಿಗೂ ಅವರಿಗೂ ಸಂಬಂಧವಿಲ್ಲ. ಕ್ಲಿಪ್ ಮಾಡಿದೆವು ಎಂದು ಆಕೆ ಹೇಳಿದ ಕೂಡಲೇ ಕೇಳಿದರು: "ತೆಗೆದುಹಾಕಿದ್ದು ಯಾವ್ಯಾವುದು? ಪಟ್ಟಿ ಇದೆಯಾ?"

ಪಟ್ಟಿ ಇರಲಿಲ್ಲ. ಕೋಡು ಅವುಗಳನ್ನು ಬಿಟ್ಟು ಮುಂದೆ ಹೋಗುತ್ತಿತ್ತು, ಎಲ್ಲೂ ಬರೆದಿಡುತ್ತಿರಲಿಲ್ಲ. ವರದಿ ಒಪ್ಪಿಸಲು ಏಳು ವಾರ ಉಳಿದಿತ್ತು. ಈಗ ಅದನ್ನು ಕೆದಕಿದರೆ ಅಧ್ಯಾಯವೊಂದನ್ನು ಮತ್ತೆ ಬರೆಯಬೇಕಾದೀತು. ಬೇಡ ಎಂದು ಹೇಳಲು ಬಾಯಿ ತೆರೆದಿದ್ದೆ. ಆಕೆ ಅಷ್ಟರಲ್ಲಿ "ತೆಗೀತೀನಿ ಸರ್" ಎಂದುಬಿಟ್ಟಿದ್ದಳು.

ಆ ಸಂಜೆ ಪಟ್ಟಿ ಬಂತು. ಆಕೆ ಪ್ರತಿಯೊಂದರ ಚಿತ್ರವನ್ನೂ ತೆರೆದಳು. ಕೆಲವು ನಿಜವಾಗಿಯೂ ಎಡವಟ್ಟು. ಗ್ಯಾಲೆಕ್ಸ್‌ನ ದೃಷ್ಟಿ ಸುಮಾರು ಐದು ಆರ್ಕ್‌ಸೆಕೆಂಡಿನಷ್ಟು ಮಸುಕು, ಪಕ್ಕದ ಪುಟ್ಟ ನೀಲಿ ಸುರುಳಿಯ ಬೆಳಕನ್ನು ನಮ್ಮ ದೀರ್ಘವೃತ್ತದ ಖಾತೆಗೆ ಜಮಾ ಮಾಡಿತ್ತು. ಇಂಥ ಕಡೆ 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್‌ನ ಯುವಿಐಟಿ ದೂರದರ್ಶಕ ಉಪಯೋಗಕ್ಕೆ ಬರುತ್ತದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ತಯಾರಾದ ಅದರ ದೃಷ್ಟಿ ಒಂದೂವರೆ ಆರ್ಕ್‌ಸೆಕೆಂಡಿನಷ್ಟು ಚುರುಕು. ಆದರೆ ನಮ್ಮ ಪಟ್ಟಿಯ ಜಾಗಗಳನ್ನು ಅದು ನೋಡಿರಲಿಲ್ಲ. ಇನ್ನು ಕೆಲವು ಗೆಲಾಕ್ಸಿಗಳ ಒಡಲಿನ ನಟ್ಟನಡುವೆ ಅನಿಲ ನುಂಗುತ್ತ ಉರಿಯುವ ಕಪ್ಪುಕುಳಿ ಇತ್ತು, ಆ ಅತಿನೇರಳೆ ನಕ್ಷತ್ರಗಳದ್ದಲ್ಲ.

ಉಳಿದ ಕೆಲವನ್ನು ಹಾಗೆ ತಳ್ಳಿಹಾಕಲಾಗಲಿಲ್ಲ. ಅವುಗಳಲ್ಲಿ ಎಲ್ಲಕ್ಕಿಂತ ನೀಲಿಯಾಗಿದ್ದದ್ದು ಒಂದು ಗುಚ್ಛದ ನಟ್ಟನಡುವೆ ಕೂತ ಭಾರೀ ಗೆಲಾಕ್ಸಿ. ಆ ಗುಚ್ಛದಲ್ಲಿ ಅದಕ್ಕಿಂತ ಪ್ರಕಾಶಮಾನವಾದದ್ದು ಇನ್ನೊಂದಿಲ್ಲ. ಸಂದಣಿಯ ಅಂಕಿಯಲ್ಲೂ ಅತಿ ಎತ್ತರ. ನಮ್ಮ ಗೆರೆಯ ಪ್ರಕಾರ ಎಲ್ಲಕ್ಕಿಂತ ಸತ್ತಿರಬೇಕಾದದ್ದು ಅದೇ.

'ಚಂದ್ರ' ಎಂಬ ಹೆಸರಿನ ನಾಸಾದ ಎಕ್ಸ್‌ಕಿರಣ ದೂರದರ್ಶಕದ ಸಂಗ್ರಹದಲ್ಲಿ ಆ ಗುಚ್ಛದ ಚಿತ್ರ ಸಿಕ್ಕಿತು. ಗುಚ್ಛವನ್ನು ತುಂಬಿದ ಕೋಟ್ಯಂತರ ಡಿಗ್ರಿ ಬಿಸಿಯ ಅನಿಲದ ಹೊಳಪು ಸರಿಯಾಗಿ ಆ ಗೆಲಾಕ್ಸಿಯ ಮೇಲೆ ಚೂಪಾಗಿ ಏರಿತ್ತು. ನನಗೆ ಪರ್ಸಿಯಸ್ ಗುಚ್ಛ ನೆನಪಾಯಿತು. ಇಷ್ಟು ಹೊತ್ತು ನೆನಪಾಗದೆ ಹೋದದ್ದಕ್ಕೆ ನಾಚಿಕೆಯೂ ಆಯಿತು.

ಪರ್ಸಿಯಸ್‌ನ ನಡುವೆ ಎನ್‌ಜಿಸಿ 1275 ಎಂಬ ಗೆಲಾಕ್ಸಿ ಇದೆ. ಅದರ ಸುತ್ತ ಅನಿಲದ ಉದ್ದನೆಯ ಎಳೆಗಳು ಜಡೆಯಂತೆ ಹರಡಿವೆ, ಸೂರ್ಯನ ಸಾವಿರಾರು ಕೋಟಿ ಪಟ್ಟು ತೂಗುವಷ್ಟು ತಣ್ಣನೆಯ ಅನಿಲ ಅಲ್ಲಿದೆ, ನಕ್ಷತ್ರಗಳೂ ಹುಟ್ಟುತ್ತಿವೆ. 2012ರಲ್ಲಿ ಸುದ್ದಿಯಾದ ಫೀನಿಕ್ಸ್ ಗುಚ್ಛದ ನಡುಗೆಲಾಕ್ಸಿಯಂತೂ ವರ್ಷಕ್ಕೆ ನೂರಾರು ಸೂರ್ಯರಷ್ಟು ನಕ್ಷತ್ರ ಹೆರುತ್ತದೆ. ನಮ್ಮ ಹಾಲುಹಾದಿಯದು ವರ್ಷಕ್ಕೆ ಒಂದೆರಡು. ಗುಚ್ಛದ ನಡುವೆ ಬಿಸಿ ಅನಿಲ ಅತಿ ದಟ್ಟ. ದಟ್ಟವಾದಷ್ಟೂ ಅದು ಬೇಗ ಶಾಖ ಸೂಸಿ ತಣ್ಣಗಾಗಿ ಕೆಳಗೆ ಸುರಿಯುತ್ತದೆ. ಸುರಿಯುವುದು ನಡುವೆ ಕೂತವನ ತಟ್ಟೆಗೆ.

ಅದೇ ಗುಚ್ಛದಲ್ಲಿ ಸುತ್ತುವ ಮಿಕ್ಕ ಗೆಲಾಕ್ಸಿಗಳ ಪಾಡು ಬೇರೆ. ಬಿಸಿ ಅನಿಲದೊಳಗೆ ಓಡುವಾಗ ಎದುರುಗಾಳಿಗೆ ಅವುಗಳ ಅನಿಲ ಕಿತ್ತುಹೋಗುತ್ತದೆ, 1972ರಲ್ಲೇ ಗನ್ ಮತ್ತು ಗಾಟ್ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ. ಇದಕ್ಕಿಂತ ಸದ್ದಿಲ್ಲದ ಇನ್ನೊಂದು ದಾರಿಯಿದೆ. ಹೊರಗಿನಿಂದ ಬರುತ್ತಿದ್ದ ಹೊಸ ಅನಿಲ ನಿಂತುಹೋಗುವುದು. ಬೆಂಗಳೂರಿನಲ್ಲಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ರಾಜಕಾಲುವೆ ಮುಚ್ಚಿದ ದಿನವೇ ಕೆರೆ ಬತ್ತುವುದಿಲ್ಲ, ಇದ್ದ ನೀರು ಕೆಲವು ಕಾಲ ಇರುತ್ತದೆ, ನೋಡುವವರಿಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ.

ಅಟ್ಲಾಸ್-3ಡಿ ಎಂಬ ಸಮೀಕ್ಷೆ ನಮ್ಮ ಸುತ್ತಲಿನ 260 ದೀರ್ಘವೃತ್ತ ಮತ್ತು ಮಸೂರಾಕಾರದ ಗೆಲಾಕ್ಸಿಗಳನ್ನು ಒಂದೊಂದಾಗಿ ನೋಡಿದಾಗ ಕಂಡದ್ದು ಇಂಥದ್ದೇ ಚಿತ್ರ. ನಕ್ಷತ್ರ ಹುಟ್ಟಲು ಬೇಕಾದ ಅಣುರೂಪದ ಅನಿಲ ಶೇ. 22ರಷ್ಟರಲ್ಲಿ ಸಿಕ್ಕಿತು, ನಮಗೆ ಹತ್ತಿರದ ದೊಡ್ಡ ಗುಚ್ಛವಾದ ಕನ್ಯಾ ಗುಚ್ಛದ ಒಳಗೂ ಹೊರಗೂ ಆ ಪ್ರಮಾಣ ಹೆಚ್ಚುಕಡಿಮೆ ಒಂದೇ. ಗೆಲಾಕ್ಸಿಯ ಹೊರಗೆ ಅಗಲವಾಗಿ ಹರಡಿಕೊಳ್ಳುವ ಹೈಡ್ರೋಜನ್ ಪರಮಾಣು ಅನಿಲ ಮಾತ್ರ ಗುಚ್ಛದ ಹೊರಗೆ ಶೇ. 40ರಷ್ಟರಲ್ಲಿ, ಒಳಗೆ ಶೇ. 10ರಷ್ಟರಲ್ಲಿ. ನಡುವಿನ ಕೆರೆಯಲ್ಲಿ ನೀರಿದೆ, ಕಾಲುವೆ ಮುಚ್ಚಿದೆ. ಅನಿಲ ತಿರುಗುವ ದಿಕ್ಕು ಕೂಡ ಸಾಕ್ಷಿ ಹೇಳುತ್ತದೆ. ಗುಚ್ಛದಲ್ಲಿ ಅನಿಲ ಬಹುಪಾಲು ನಕ್ಷತ್ರಗಳ ಜೊತೆಗೇ ತಿರುಗುತ್ತದೆ, ಅಂದರೆ ಮನೆಯಲ್ಲೇ ಹುಟ್ಟಿದ್ದು. ಹೊರಗಿನ ವಿರಳ ಪ್ರದೇಶದಲ್ಲಿ ಹತ್ತರಲ್ಲಿ ನಾಲ್ಕರಷ್ಟು ಗೆಲಾಕ್ಸಿಗಳಲ್ಲಿ ಅನಿಲ ಅಡ್ಡಾದಿಡ್ಡಿ ತಿರುಗುತ್ತದೆ. ಅದು ಹೊರಗಿನಿಂದ ಬಂದು ಬಿದ್ದದ್ದು, ಎಷ್ಟೋ ಸಲ ಪುಟ್ಟ ಗೆಲಾಕ್ಸಿಯೊಂದನ್ನು ನುಂಗಿದ್ದರ ಗುರುತು.

ಆಗ ನಮ್ಮ ತಪ್ಪು ಎಲ್ಲಿದೆ ಎಂದು ತಿಳಿಯಿತು. ಕ್ಲಿಪ್ ಮಾಡಿದ್ದು ಆ ತಪ್ಪಿನ ಬಾಲ ಮಾತ್ರ. 'ಪರಿಸರ' ಎಂಬುದನ್ನು ಒಂದೇ ಅಂಕಿಗೆ ಇಳಿಸಿದ್ದೇ ಬುಡ. ಜಾತ್ರೆಯಲ್ಲಿ ತೇರಿನ ಮೇಲೆ ಕೂತ ದೇವರಿಗೂ ತೇರಿನ ಸುತ್ತ ತಳ್ಳಾಟದಲ್ಲಿ ಸಿಕ್ಕವನಿಗೂ ಜನಸಂದಣಿಯ ಅಂಕಿ ಒಂದೇ ಬರುತ್ತದೆ. ಒಬ್ಬನಿಗೆ ಹಣ್ಣುಕಾಯಿ ಸಲ್ಲುತ್ತದೆ, ಇನ್ನೊಬ್ಬನ ಜೇಬು ಖಾಲಿಯಾಗುತ್ತದೆ.

ಮತ್ತೆ ಬರೆದದ್ದು

ಮುಂದೆ ಎರಡು ದಾರಿ ಇದ್ದವು. ಆ ಒಂದು ಗೆಲಾಕ್ಸಿಯನ್ನೇ ಹಿಡಿದು ಪ್ರಾಜೆಕ್ಟಿನ ತಲೆಬರಹ ಬದಲಿಸುವುದು, ಅಥವಾ ಇಡೀ ಮಾದರಿಯನ್ನು ನಡುವೆ ಕೂತವು, ಸುತ್ತುವವು ಎಂದು ಒಡೆಯುವುದು. ಮೊದಲನೆಯದರಲ್ಲಿ ರೋಚಕತೆ ಇತ್ತು. ನನ್ನ ಒಲವು ಅತ್ತಲೇ. ಆಕೆ ಎರಡನೆಯದನ್ನು ಆರಿಸಿದಳು: "ಒಂದೇ ಗೆಲಾಕ್ಸಿ ಇಟ್ಟುಕೊಂಡು ಪರಿಸರದ ಬಗ್ಗೆ ಏನು ಹೇಳಲಿ ಮೇಡಂ?" ಪ್ರಕಟವಾಗಿರುವ ಗುಂಪುಗಳ ಕ್ಯಾಟಲಾಗ್ ತೆಗೆದುಕೊಂಡು ಪ್ರತಿ ಗೆಲಾಕ್ಸಿ ತನ್ನ ಗುಂಪಿನಲ್ಲಿ ಯಜಮಾನನೋ ಪರಿವಾರವೋ ಎಂದು ಗುರುತು ಹಾಕಿದಳು. ಕ್ಲಿಪ್ ಕಿತ್ತುಹಾಕಿದಳು, ಸರಾಸರಿಯ ಬದಲು ನೀಲಿ ಗೆಲಾಕ್ಸಿಗಳ ಪಾಲನ್ನು ಲೆಕ್ಕ ಹಾಕಿದಳು. ಒಂದೆರಡು ಬಿಂದು ಎಷ್ಟೇ ಸಿಡಿದರೂ ಪಾಲು ಅಷ್ಟಾಗಿ ಅಲುಗಾಡದು.

ಸುತ್ತುವ ಗೆಲಾಕ್ಸಿಗಳಲ್ಲಿ ಗೆರೆ ಸ್ಪಷ್ಟವಾಗಿ ಉಳಿಯಿತು. ಒಂದೇ ತೂಕದವುಗಳಲ್ಲಿ ದಟ್ಟ ಜಾಗದವು ಹೆಚ್ಚು ಕೆಂಪು. ನಡುವಿನ ಗೆಲಾಕ್ಸಿಗಳಲ್ಲಿ ಅಂಥ ಗೆರೆ ಇರಲಿಲ್ಲ, ಗುಚ್ಛದ ನಡುವಿನವು ತೀರಾ ಕೆಲವೇ ಇದ್ದುದರಿಂದ ಏನನ್ನಾದರೂ ಸಾಧಿಸಿ ತೋರಿಸಲೂ ಆಗುತ್ತಿರಲಿಲ್ಲ. ವರದಿಯ ತೀರ್ಮಾನ ಮೊದಲಿನದಕ್ಕಿಂತ ಕಿರಿದಾಯಿತು, ಪುಟಗಳು ಹೆಚ್ಚಾದವು. ಕೈಬಿಟ್ಟ ಪ್ರತಿ ಗೆಲಾಕ್ಸಿಯನ್ನೂ, ಬಿಟ್ಟ ಕಾರಣದ ಸಮೇತ, ಅನುಬಂಧದಲ್ಲಿ ಪಟ್ಟಿ ಮಾಡಿದಳು. ಆಮೇಲೆ ನನ್ನ ಕೈಕೆಳಗೆ ಬಂದ ಪ್ರಾಜೆಕ್ಟುಗಳಲ್ಲೆಲ್ಲ ಕ್ಲಿಪ್ ಮಾಡುವ ಕೋಡು ಮೊದಲು ಒಂದು ಕಡತ ಬರೆದು ಆಮೇಲೆ ಬಿಂದುವನ್ನು ಬಿಡುತ್ತದೆ. ಮಾದರಿ ಸಣ್ಣದಿದ್ದಾಗ ಆ ಕಡತವನ್ನು ಕಣ್ಣಾರೆ ನೋಡದೆ ಗ್ರಾಫ್ ತರಬೇಡಿ ಎಂದೂ ಹೇಳಿದ್ದೇನೆ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ನೇರವಾಗಿ ಆ ಅಧ್ಯಾಯಕ್ಕೇ ಬಂದರು. "ನಡುವೆ ಕೂತರೆ ಅನಿಲ ಸುರಿಯುತ್ತೆ ಅಂತೀರಿ. ಕನ್ಯಾ ಗುಚ್ಛದ ನಡುವೆ ಎಂ87 ಗೆಲಾಕ್ಸಿ ಇದೆ, ಸುತ್ತ ಬಿಸಿ ಅನಿಲವೂ ಇದೆ. ಅದ್ಯಾಕೆ ಸುಮ್ಮನಿದೆ?"

ಆಕೆ ಒಂದು ಕ್ಷಣ ತಡೆದು ಹೇಳಿದಳು. ಎಂ87ರ ಕಪ್ಪುಕುಳಿ ಚಿಮ್ಮಿಸುವ ಜೆಟ್, ಅಂದರೆ ಕಣಗಳ ಧಾರೆ, ಸುತ್ತಲಿನ ಅನಿಲವನ್ನು ಮತ್ತೆ ಮತ್ತೆ ಕಾಯಿಸುತ್ತದೆ. ಪರ್ಸಿಯಸ್‌ನಲ್ಲೂ ಕಪ್ಪುಕುಳಿ ಊದಿದ ಗುಳ್ಳೆಗಳು, ಅನಿಲದಲ್ಲಿ ಅಲೆಗಳು ಎಕ್ಸ್‌ಕಿರಣದಲ್ಲಿ ಕಾಣುತ್ತವೆ, ಆದ್ದರಿಂದಲೇ ಅಲ್ಲೂ ತಣಿಯಬೇಕಾದಷ್ಟು ಅನಿಲ ತಣಿಯುತ್ತಿಲ್ಲ. ಕಾಯಿಸುವುದು, ತಣಿಯುವುದು ಎರಡರ ನಡುವೆ ಹಗ್ಗಜಗ್ಗಾಟ. ಯಾವ ಗುಚ್ಛದಲ್ಲಿ ಯಾರು ಗೆದ್ದಿದ್ದಾರೆ ಎನ್ನುವುದಕ್ಕೆ ಎಕ್ಸ್‌ಕಿರಣದ ಅಳತೆ ಬೇಕು, "ನನ್ನ ಡೇಟಾದಲ್ಲಿ ಅದಿಲ್ಲ ಸರ್."

ಅವರು ತಲೆಯಾಡಿಸಿ ಅನುಬಂಧದ ಪುಟ ತಿರುವಿದರು. ಪಟ್ಟಿಯಲ್ಲಿ ಒಂದು ಸಾಲಿನ ಮುಂದೆ ಕಾರಣದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇತ್ತು. ಪಕ್ಕದಲ್ಲಿ ಸುರುಳಿಯಿಲ್ಲ, ಉರಿಯುವ ಕಪ್ಪುಕುಳಿಯಿಲ್ಲ, ಹತ್ತಿರದಲ್ಲಿ ಗುಚ್ಛವೂ ಇಲ್ಲ. ಬಿಳಿ ಆಕಾಶದ ಹಾಳೆಯಲ್ಲಿ ಒಂಟಿಯಾಗಿ ನಿಂತ ದುಂಡನೆಯ, ನಯವಾದ, ಕಡುನೀಲಿ ಗೆಲಾಕ್ಸಿ. "ಇದು?" ಎಂದರು. ಆಕೆ ಬೆರಳಿಟ್ಟು ತೋರಿಸಿದ್ದು ಅಂಚಿನಲ್ಲಿ ಕಂಡೂ ಕಾಣದ ಹಾಗೆ ಮಸುಕಾಗಿದ್ದ ಒಂದು ಕಮಾನನ್ನು, ಇನ್ನೊಂದು ಗೆಲಾಕ್ಸಿಯನ್ನು ನುಂಗಿದಾಗ ಉಳಿಯುವಂಥದ್ದನ್ನು. ಚಿತ್ರದ ಗದ್ದಲದಲ್ಲಿ ಅದು ನಿಜವಾಗಿ ಇದೆಯೋ ಇಲ್ಲವೋ ಎಂದು ನಾವು ಮೂವರೂ ಕನ್ನಡಕ ತೆಗೆದು, ಹಾಕಿ, ಐದು ನಿಮಿಷ ನೋಡಿದೆವು.